ಬಾಗಿಲಲ್ಲಿ ನಿಂತವನ ಧರ್ಮ



ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಶಾಲೆಗಳಲ್ಲಿ ಮೂರು ದಶಕಗಳಿಗೂ ಮಿಕ್ಕಿ ಪಾಠ ಹೇಳಿದ ನನಗೆ, ಸೈನ್ಯ ಸೇರಿದ ಶಿಷ್ಯರು ಕಡಿಮೆಯೇನಿಲ್ಲ. ರಜೆಯಲ್ಲಿ ಊರಿಗೆ ಬಂದಾಗ ಬಹುತೇಕ ಎಲ್ಲರೂ ಮನೆಗೆ ಬಂದು ಹೋಗುತ್ತಾರೆ. ಹಿಮದ ಮಾತು, ಮರುಭೂಮಿಯ ಮಾತು, ರೈಲು ಪ್ರಯಾಣದ ಮಾತು ಇವೆಲ್ಲ ಆಗುತ್ತವೆ. ಅವರಲ್ಲಿ ಮಿಲಿಟರಿ ಪೊಲೀಸ್ ವಿಭಾಗದಲ್ಲಿರುವ ಒಬ್ಬನು ಇತ್ತೀಚೆಗೆ ಬೇರೆಯದೇ ಪ್ರಶ್ನೆಯೊಂದನ್ನು ಮುಂದಿಟ್ಟನು. "ಸರ್, ಬಂದವರ ಜೋಡಿ ನಯವಾಗಿ ಮಾತಾಡಬೇಕು ಅಂತಾರ. ಯಾರನ್ನೂ ನಂಬಬಾರದು ಅಂತನೂ ಅಂತಾರ. ಎರಡೂ ಕೂಡಿಸಿ ಹೆಂಗ ಮಾಡೂದ್ರಿ?"

ಪ್ರಶ್ನೆ ಸಣ್ಣದಾಗಿ ಕಂಡರೂ ಉತ್ತರ ಸಣ್ಣದಲ್ಲ. ನಮ್ಮ ಜಿಲ್ಲೆಯ ಹುಡುಗರಷ್ಟೇ ಅಲ್ಲ, ಹುಡುಗಿಯರೂ ಈಗ ಈ ಕೆಲಸದತ್ತ ಮುಖ ಮಾಡಿರುವುದರಿಂದ, ನನಗೆ ತೋಚಿದ್ದನ್ನು ನಾಲ್ಕು ಜನರ ಮುಂದೆ ಇಡುವುದು ಉಚಿತವೆಂದು ಭಾವಿಸುತ್ತೇನೆ.

ಮೊದಲು ಈ ವಿಭಾಗದ ಪರಿಚಯ. ಕೆಂಪು ಟೊಪ್ಪಿಗೆ, ಬಿಳಿಯ ಸೊಂಟಪಟ್ಟಿ, ತೋಳಿನ ಮೇಲೆ 'ಎಂ.ಪಿ.' ಎಂಬ ಅಕ್ಷರಗಳು, ಇಷ್ಟನ್ನು ಕಂಡರೆ ಸಾಮಾನ್ಯ ಸೈನಿಕನೂ ಒಮ್ಮೆ ಗುಂಡಿ ಸರಿಮಾಡಿಕೊಳ್ಳುತ್ತಾನೆ. ಸೇನೆಯೊಳಗಿನ ಶಿಸ್ತು ಕಾಯುವುದು, ದಂಡಿನ ವಾಹನಗಳ ಸಂಚಾರ ನಿಯಂತ್ರಿಸುವುದು, ಯುದ್ಧಕಾಲದಲ್ಲಿ ಸೈನ್ಯ ಸಾಗುವ ದಾರಿಯನ್ನು ತೋರುವುದು, ಯುದ್ಧಕೈದಿಗಳನ್ನು ನೋಡಿಕೊಳ್ಳುವುದು ಇವು ಅವರ ಮುಖ್ಯ ಕೆಲಸಗಳು. ಈ ದಳದ ತರಬೇತಿ ಕೇಂದ್ರ ಮತ್ತು ಶಾಲೆ ಇರುವುದು ನಮ್ಮ ಬೆಂಗಳೂರಿನಲ್ಲಿಯೇ. ಸೇನಾ ನೆಲೆಗಳ ಬಾಗಿಲಲ್ಲಿ ನಿಲ್ಲುವವರು ಇವರು ಮಾತ್ರವಲ್ಲ. ಆಯಾ ಪಲ್ಟನ್ನಿನ ಕಾವಲುಗಾರರೂ ಇರುತ್ತಾರೆ, ನಿವೃತ್ತರಾದ ಮೇಲೆ ಮತ್ತೆ ಸಮವಸ್ತ್ರ ತೊಟ್ಟ ರಕ್ಷಣಾ ಭದ್ರತಾ ದಳದವರೂ ಇರುತ್ತಾರೆ. ಆದರೆ ಹೊರಗಿನಿಂದ ಬಂದ ಮುದುಕಿಗೆ ಈ ಭೇದವೆಲ್ಲಿ ತಿಳಿಯಬೇಕು? ಅವಳ ಪಾಲಿಗೆ ಬಾಗಿಲಲ್ಲಿ ನಿಂತವನೇ ಸೈನ್ಯ, ಅವನೇ ಸರಕಾರ.

ಮಿಲಿಟರಿ ಪೊಲೀಸ್ ದಳದ ಧ್ಯೇಯವಾಕ್ಯ 'ಸೇವಾ ತಥಾ ಸಹಾಯತಾ' ಎಂದು. ಶಿಸ್ತಿನ ದಂಡವನ್ನು ಹಿಡಿದವರು ಸೇವೆ ಮತ್ತು ಸಹಾಯವನ್ನು ತಮ್ಮ ಹೆಸರಿನ ಕೆಳಗೆ ಬರೆದುಕೊಂಡಿದ್ದಾರೆ ಎಂಬುದನ್ನು ಗಮನಿಸಬೇಕು. ಶಿಷ್ಯನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಇದೆ. ಉಳಿದರ್ಧವನ್ನು ನಾವು ಹುಡುಕಿಕೊಳ್ಳಬೇಕು.

ಈಗ ಎಲ್ಲಿ ಹೋದರೂ 'ಗ್ರಾಹಕ ಸೇವೆ' ಎಂಬ ಮಾತು ಕೇಳುತ್ತದೆ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ವಿದ್ಯುತ್ ಕಚೇರಿಯಲ್ಲಿ ನಾವೆಲ್ಲರೂ ಗ್ರಾಹಕರಾಗಿಬಿಟ್ಟಿದ್ದೇವೆ. ಸೇನೆಯ ಬಾಗಿಲಿಗೂ ಈ ಮಾತನ್ನು ತಂದು ಹಚ್ಚುವುದು ನನಗೆ ಸರಿ ಕಾಣುವುದಿಲ್ಲ. ಗ್ರಾಹಕನಿಗೆ ಒಂದು ಅಂಗಡಿ ಹಿಡಿಸದಿದ್ದರೆ ಮುಂದಿನ ಅಂಗಡಿಗೆ ಹೋಗುವ ದಾರಿ ಇರುತ್ತದೆ. ಮಗನನ್ನು ನೋಡಲು ಬಂದ ತಾಯಿಗೆ, ಗಂಡನ ಪಿಂಚಣಿಯ ಕಾಗದ ಹಿಡಿದು ಬಂದ ವಿಧವೆಗೆ, ಸೇನಾ ಆಸ್ಪತ್ರೆಗೆ ಬಂದ ವೃದ್ಧ ಮಾಜಿ ಸೈನಿಕನಿಗೆ, ಕ್ಯಾಂಟೀನಿನ ಸಾಮಾನಿಗೆ ಸರತಿಯಲ್ಲಿ ನಿಂತವನಿಗೆ ಇರುವುದು ಅದೊಂದೇ ಬಾಗಿಲು. ಬೇರೆ ಬಾಗಿಲು ಇಲ್ಲದವನ ಜೊತೆ ನಡೆದುಕೊಳ್ಳುವ ರೀತಿ ವ್ಯಾಪಾರದ ನಯಕ್ಕಿಂತ ದೊಡ್ಡದಾಗಿರಬೇಕು. ವ್ಯಾಪಾರಿಯ ನಗೆಗೆ ಲಾಭದ ಲೆಕ್ಕ ಉಂಟು. ಕಾವಲುಗಾರನ ಸೌಜನ್ಯಕ್ಕೆ ಅಂಥ ಲೆಕ್ಕ ಇಲ್ಲದಿರುವುದರಿಂದಲೇ ಅದಕ್ಕೆ ಬೆಲೆ ಹೆಚ್ಚು.

ಇನ್ನು ಎದುರುವಾದವನ್ನು ನೋಡೋಣ. 'ನಯ ಹೆಚ್ಚಾದರೆ ಭದ್ರತೆ ಸಡಿಲಾಗುತ್ತದೆ, ವೈರಿ ನಮ್ಮ ಸೌಜನ್ಯವನ್ನೇ ಆಯುಧ ಮಾಡಿಕೊಳ್ಳುತ್ತಾನೆ' ಎನ್ನುವವರಿದ್ದಾರೆ. ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ನಡೆದ ಘಟನೆಗಳು ಏನು ಹೇಳುತ್ತವೆ?

2001ರ ಡಿಸೆಂಬರ್ 13ರಂದು ಸಂಸತ್ ಭವನದ ಮೇಲೆ ದಾಳಿ ನಡೆಸಿದ ಭಯೋತ್ಪಾದಕರು ಬಂದದ್ದು ಬಿಳಿಯ ಅಂಬಾಸಿಡರ್ ಕಾರಿನಲ್ಲಿ. ಅದರ ಮೇಲೆ ಕೆಂಪು ದೀಪವಿತ್ತು, ಗಾಜಿಗೆ ಗೃಹ ಸಚಿವಾಲಯದ ನಕಲಿ ಚೀಟಿ ಅಂಟಿಸಲಾಗಿತ್ತು. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿ ಮಾಡಿದವರು ಅದಕ್ಕೂ ಮೊದಲು ಪಂಜಾಬಿನ ಪೊಲೀಸ್ ಅಧಿಕಾರಿಯೊಬ್ಬರ ವಾಹನವನ್ನು ಅಪಹರಿಸಿ ಬಳಸಿದ್ದರು. ಅವರು ಹರಕು ಸೀರೆಯ ಮುದುಕಿಯ ವೇಷ ಹಾಕಲಿಲ್ಲ, ರೊಟ್ಟಿಯ ಗಂಟು ಹೊತ್ತು ಬರಲಿಲ್ಲ. ದೊಡ್ಡವರ ವೇಷ ಹಾಕಿದರು. ದೊಡ್ಡವರ ಗಾಡಿಯನ್ನು ತಡೆಯಲು ನಮ್ಮ ಕೈ ಹಿಂಜರಿಯುತ್ತದೆ ಎಂಬುದು ವೈರಿಗೂ ತಿಳಿದಿತ್ತು. 2017ರ ಮೇ 1ರಿಂದ ಗಣ್ಯರ ವಾಹನಗಳ ಕೆಂಪು ದೀಪ ತೆಗೆಸಿದ್ದನ್ನು ಸಮಾನತೆಯ ಕ್ರಮವೆಂದು ಎಲ್ಲರೂ ಹೊಗಳಿದರು. ನನ್ನ ದೃಷ್ಟಿಯಲ್ಲಿ ಅದು ಭದ್ರತೆಯ ಕ್ರಮವೂ ಹೌದು.

ಆದುದರಿಂದ ಸೌಜನ್ಯ ಬೇರೆ, ಓಲೈಕೆ ಬೇರೆ. ಓಲೈಕೆಯು ಬಂದವನ ಅಂತಸ್ತನ್ನು ನೋಡಿ ತಪಾಸಣೆಯನ್ನು ಸಡಿಲಿಸುತ್ತದೆ. ಸೌಜನ್ಯವು ತಪಾಸಣೆಯನ್ನು ಎಲ್ಲರಿಗೂ ಸಮನಾಗಿಟ್ಟು ಮಾತನ್ನಷ್ಟೇ ಮೃದುವಾಗಿಡುತ್ತದೆ. ಭದ್ರತೆಯ ಗೋಡೆಗೆ ಬಿರುಕು ಬೀಳುವುದು ಓಲೈಕೆಯಿಂದ. ಆ ಬಿರುಕಿನ ಅಪವಾದವನ್ನು ಸೌಜನ್ಯದ ತಲೆಗೆ ಕಟ್ಟುವುದು ನ್ಯಾಯವಲ್ಲ.

ಆ ಡಿಸೆಂಬರ್ ದಿನದಂದು ಸಂಸತ್ತಿನ ಬಾಗಿಲೊಂದರಲ್ಲಿ ಕಾವಲಿದ್ದವರಲ್ಲಿ ಕೇಂದ್ರೀಯ ಮೀಸಲು ಪೊಲೀಸ್ ಪಡೆಯ ಮಹಿಳಾ ಪೇದೆ ಕಮಲೇಶ್ ಕುಮಾರಿ ಒಬ್ಬರು. ಅವರ ಕೈಯಲ್ಲಿ ಬಂದೂಕು ಇರಲಿಲ್ಲ, ಮಾತನಾಡುವ ವಾಕಿಟಾಕಿ ಮಾತ್ರ ಇತ್ತು. ಆದರೂ ಆ ಕಾರಿನ ಬಗೆಗೆ ಸಂಶಯಪಟ್ಟು, ಕೂಗಿ ಇತರರನ್ನು ಎಚ್ಚರಿಸಿದವರು ಅವರು. ಗುಂಡಿಗೆ ಬಲಿಯಾದ ಅವರಿಗೆ ಮರಣೋತ್ತರವಾಗಿ ಅಶೋಕ ಚಕ್ರ ಸಂದಿತು. ಕೆಂಪು ದೀಪಕ್ಕೆ ಮಣಿಯದ ಒಂದು ಜೊತೆ ಕಣ್ಣು ಏನು ಮಾಡಬಲ್ಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ.

ನಮ್ಮ ಸೀಮೆಯವರಿಗೆ ಬಾಗಿಲಿನ ಕಥೆ ಹೊಸದಲ್ಲ. ಶಿಗ್ಗಾವಿ ತಾಲೂಕಿನ ಬಾಡದಲ್ಲಿ ಹುಟ್ಟಿ, ಬಂಕಾಪುರ ಸೀಮೆಯ ದಂಡನಾಯಕರಾಗಿದ್ದರೆಂದು ಪ್ರತೀತಿಯಿರುವ ಕನಕದಾಸರನ್ನು ಉಡುಪಿಯ ಬಾಗಿಲಲ್ಲಿ ತಡೆದ ಕಥೆಯನ್ನು ತರಗತಿಯಲ್ಲಿ ನಿಮಗೆ ಎಷ್ಟು ಸಲ ಹೇಳಿಲ್ಲ! ಅಲ್ಲಿಯ ಕಿಂಡಿ ಇಂದಿಗೂ ಅವರ ಹೆಸರಿನಲ್ಲಿಯೇ ಇದೆ. ಭಕ್ತಿಯ ಪ್ರಸಂಗವಾಗಿ ನಾವು ಅದನ್ನು ಓದುತ್ತೇವೆ. ಕಾವಲಿನ ಪ್ರಸಂಗವಾಗಿಯೂ ಓದಬಹುದು. ಆ ಬಾಗಿಲಲ್ಲಿ ನಿಂತವರು 'ನೀನು ಯಾತಕ್ಕೆ ಬಂದೆ, ಕೈಯಲ್ಲಿ ಏನಿದೆ' ಎಂದು ಕೇಳಲಿಲ್ಲ, 'ನೀನು ಯಾರ ಪೈಕಿ' ಎಂದು ಕೇಳಿದರು. ಕನಕದಾಸರನ್ನು ಹೊರಗೆ ನಿಲ್ಲಿಸಿದ ಪ್ರಶ್ನೆಯೂ ಕೆಂಪು ದೀಪದ ಕಾರನ್ನು ಒಳಗೆ ಬಿಟ್ಟ ಪ್ರಶ್ನೆಯೂ ಒಂದೇ. ಯಾರ ಪೈಕಿ ಎಂದು ನೋಡುವ ಕಾವಲು ಸಜ್ಜನನನ್ನು ತಡೆಯುತ್ತದೆ, ದುರ್ಜನನನ್ನು ಬಿಡುತ್ತದೆ.

ಕಾನೂನು ಈ ವಿಷಯದಲ್ಲಿ ಏನು ಹೇಳುತ್ತದೆ ಎಂಬುದೂ ತಿಳಿದಿರಲಿ. 1950ರ ಸೇನಾ ಅಧಿನಿಯಮದ 107ನೆಯ ಕಲಮು ಪ್ರೊವೋಸ್ಟ್ ಮಾರ್ಷಲ್ಲರ, ಎಂದರೆ ಮಿಲಿಟರಿ ಪೊಲೀಸ್ ಮುಖ್ಯಸ್ಥರ, ಅಧಿಕಾರವನ್ನು ಹೇಳುತ್ತದೆ. ಅವರೂ ಅವರ ಕೈಕೆಳಗಿನವರೂ ಶಿಸ್ತು ಕಾಯಬಹುದು, ಸೇನಾ ಕಾನೂನಿಗೆ ಒಳಪಟ್ಟ ಅಪರಾಧಿಯನ್ನು ಬಂಧಿಸಬಹುದು, ಸೇನಾ ನ್ಯಾಯಾಲಯ ವಿಧಿಸಿದ ಶಿಕ್ಷೆಯನ್ನು ಜಾರಿಗೆ ತರಬಹುದು. ಆದರೆ ಸ್ವಂತ ಅಧಿಕಾರದಿಂದ ಯಾವ ಶಿಕ್ಷೆಯನ್ನೂ ಕೊಡುವಂತಿಲ್ಲ. ನನಗೆ ಈ ಕೊನೆಯ ಮಾತು ಬಹಳ ಹಿಡಿಸಿತು. ತಡೆಯುವ ಹಕ್ಕು ಉಂಟು, ದಂಡಿಸುವ ಹಕ್ಕು ಇಲ್ಲ. ಬಿಸಿಲಲ್ಲಿ ಬೇಕೆಂತಲೇ ನಿಲ್ಲಿಸುವುದು, ಏಕವಚನದಲ್ಲಿ ಗದರಿಸುವುದು, ಬುತ್ತಿಯ ಗಂಟನ್ನು ನೆಲಕ್ಕೆ ಸುರಿಯುವುದು ಇವೆಲ್ಲ ವಿಚಾರಣೆಯಿಲ್ಲದೆ ಕೊಡುವ ಶಿಕ್ಷೆಗಳೇ ಅಲ್ಲವೇ? ಸೈನಿಕನಿಗೇ ಸ್ವಂತ ಅಧಿಕಾರದಿಂದ ಶಿಕ್ಷೆ ಕೊಡುವಂತಿಲ್ಲದ ಮೇಲೆ, ಆ ಕಾನೂನಿಗೆ ಒಳಪಡದ ಸಾಮಾನ್ಯ ಪ್ರಜೆಗೆ ಕೊಡುವ ಮಾತೆಲ್ಲಿ? ಅವನು ತಪ್ಪು ಮಾಡಿದ್ದರೆ ನಾಗರಿಕ ಪೊಲೀಸರಿಗೆ ಒಪ್ಪಿಸುವ ದಾರಿ ಇದ್ದೇ ಇದೆ.

ಮಹಿಳೆಯರ ತಪಾಸಣೆಯ ವಿಷಯದಲ್ಲಂತೂ ನಮ್ಮ ಕಾನೂನು ಮೊದಲಿನಿಂದಲೂ ಸ್ಪಷ್ಟವಾಗಿದೆ. ಬಂಧಿತ ಮಹಿಳೆಯ ಮೈ ತಪಾಸಣೆಯನ್ನು ಮಹಿಳೆಯೇ, ಸಭ್ಯತೆಗೆ ಎಳ್ಳಷ್ಟೂ ಕುಂದು ಬಾರದಂತೆ ಮಾಡಬೇಕೆಂದು 1973ರ ದಂಡ ಪ್ರಕ್ರಿಯಾ ಸಂಹಿತೆ ಹೇಳಿತ್ತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಆ ನಿಯಮ ಉಳಿದಿದೆ. ಸಂಶಯವಿರುವಲ್ಲಿಯೂ ಸಭ್ಯತೆ ಕಡ್ಡಾಯ ಎಂಬುದು ಇದರ ತಾತ್ಪರ್ಯ. ಸೇನೆಯೂ ಈ ಅಗತ್ಯವನ್ನು ಮನಗಂಡು ಮಿಲಿಟರಿ ಪೊಲೀಸ್ ದಳಕ್ಕೆ ಮಹಿಳೆಯರನ್ನು ಸೈನಿಕರಾಗಿ ಸೇರಿಸಿಕೊಳ್ಳುವ ನಿರ್ಧಾರವನ್ನು 2019ರಲ್ಲಿ ಪ್ರಕಟಿಸಿತು. 83 ಮಹಿಳೆಯರ ಮೊದಲ ತಂಡ 61 ವಾರಗಳ ತರಬೇತಿ ಮುಗಿಸಿ 2021ರ ಮೇ 8ರಂದು ಬೆಂಗಳೂರಿನ ಕೇಂದ್ರದಿಂದ ಹೊರಬಂದಿತು. 2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಈ ದಳಕ್ಕೆ ಹುಡುಗಿಯರು ಅಗ್ನಿವೀರರಾಗಿ ಸೇರುತ್ತಿದ್ದಾರೆ. ನಮ್ಮ ಕಡೆಯ ಹೈಸ್ಕೂಲುಗಳಲ್ಲಿ ಓಟದ ಸ್ಪರ್ಧೆಗೆ ನಿಲ್ಲುವ ಹೆಣ್ಣುಮಕ್ಕಳನ್ನು ಕಂಡಾಗಲೆಲ್ಲ, ಇವರಲ್ಲಿ ಒಬ್ಬಳಾದರೂ ಆ ಕೆಂಪು ಟೊಪ್ಪಿಗೆ ಧರಿಸಲಿ ಎಂದು ಹಾರೈಸುತ್ತೇನೆ.

ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ಹಲವು ವರ್ಷಗಳ ಹಿಂದೆ ಹಾನಗಲ್ಲ ತಾಲೂಕಿನ ಹಳ್ಳಿಯೊಂದರ ತಾಯಿ ತನ್ನ ಮಗನನ್ನು ನೋಡಲು ಹೊರಟಾಗ, ಹಿಂದಿ ಬಲ್ಲವರು ಬೇಕೆಂದು ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಯಾವ ಊರಿನ ನೆಲೆ ಎಂಬುದು ಇಲ್ಲಿ ಮುಖ್ಯವಲ್ಲ. ಹೊರಗಿನ ಬಾಗಿಲಲ್ಲಿದ್ದವನು ನಮ್ಮ ಕಡೆ ನೋಡದೆಯೇ ಕೈಬೀಸಿ ದೂರ ಸರಿಸಿದನು. ಒಂದು ತಾಸು ಬೇವಿನ ಮರದ ನೆರಳಿಗೆ ನಿಂತೆವು. ಆ ಹೊತ್ತಿನಲ್ಲಿ ಎರಡು ಮೂರು ದೊಡ್ಡ ಗಾಡಿಗಳು ಸಲಾಮಿನೊಡನೆ ಸರಾಗವಾಗಿ ಒಳಹೋದವು. ಪಾಳಿ ಬದಲಾದ ಮೇಲೆ ಕೆಂಪು ಟೊಪ್ಪಿಗೆಯ ಯುವಕನೊಬ್ಬ ಬಂದನು. ಅವನಿಗೆ ಕನ್ನಡ ಬರುತ್ತಿರಲಿಲ್ಲ. ಕುರ್ಚಿ ತೋರಿಸಿ ಕುಳಿತುಕೊಳ್ಳಲು ಸನ್ನೆ ಮಾಡಿದನು, ನೀರು ತರಿಸಿದನು. ನಮ್ಮ ಗುರುತಿನ ಚೀಟಿಗಳನ್ನು ಎರಡೆರಡು ಸಲ ನೋಡಿದನು. ಬುತ್ತಿಯ ಗಂಟನ್ನು ತಪಾಸಣೆ ಮಾಡಬೇಕೆಂದು ಹೇಳಿ, ಹೋಗಿ ಕೈ ತೊಳೆದುಕೊಂಡು ಬಂದು, ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ ನೋಡಿದನು. ಶೇಂಗಾ ಚಟ್ನಿಯ ಡಬ್ಬಿ, ಸವಣೂರಿನ ಎಲೆಯ ಕಟ್ಟು ಯಾವುದನ್ನೂ ಬಿಡಲಿಲ್ಲ. ಮತ್ತೆ ಇದ್ದಂತೆಯೇ ಕಟ್ಟಿಕೊಟ್ಟನು. ಪಲ್ಟನ್ನಿನಿಂದ ಒಪ್ಪಿಗೆಯ ಕರೆ ಬರುವವರೆಗೆ ಒಳಗೆ ಬಿಡಲಿಲ್ಲ. ಅದಕ್ಕೆ ಇನ್ನೂ ಎರಡು ತಾಸು ಹಿಡಿಯಿತು. ಆದರೆ ಆ ಎರಡು ತಾಸಿನಲ್ಲಿ ಎರಡು ಸಲ ಬಂದು, ಇನ್ನೂ ಏಕೆ ತಡವೆಂದು ಹೇಳಿಹೋದನು.

ಮರಳಿ ಬರುವಾಗ ಬಸ್ಸಿನಲ್ಲಿ ಆ ತಾಯಿ ಅಂದಳು: "ಆ ಹುಡುಗ ನಮ್ಮ ರೊಟ್ಟೀನ ಪ್ರಸಾದ ಮುಟ್ಟಿದಂಗ ಮುಟ್ಟಿದ ನೋಡ್ರಿ, ಸರ. ಅವನ ತಾಯೀ ಹೊಟ್ಟಿ ತಣ್ಣಗಿರಲಿ." ಮೊದಲನೆಯವನು ಏನನ್ನೂ ತಪಾಸಣೆ ಮಾಡಿರಲಿಲ್ಲ, ಕೇವಲ ಅವಮಾನಿಸಿದ್ದನು. ಎರಡನೆಯವನು ಎಲ್ಲವನ್ನೂ ತಪಾಸಣೆ ಮಾಡಿದ್ದನು, ಆದರೂ ಆಶೀರ್ವಾದ ಪಡೆದನು. ಇವರಿಬ್ಬರಲ್ಲಿ ನೆಲೆಯನ್ನು ಹೆಚ್ಚು ಭದ್ರವಾಗಿ ಕಾದವನು ಯಾರು ಎಂದು ನೀವೇ ಹೇಳಿ.

ಎರಡನೆಯವನ ನಡವಳಿಕೆಯಲ್ಲಿ ಕಸುಬಿನ ಗುಟ್ಟೂ ಅಡಗಿದೆ. ನೆಮ್ಮದಿಯಿಂದ ಮಾತನಾಡಿಸಿದರೆ ಮನುಷ್ಯ ಮಾತನಾಡುತ್ತಾನೆ. ಎಲ್ಲಿಂದ ಬಂದಿರಿ, ಮಗ ಯಾವ ಪಲ್ಟನ್ನು, ಊರಿನಿಂದ ಯಾವ ಗಾಡಿಗೆ ಬಂದಿರಿ ಎಂದು ಕೇಳಿದಾಗ ನಿಜವಾದ ತಾಯಿಯ ಉತ್ತರ ಹರಿದು ಬರುತ್ತದೆ, ಸುಳ್ಳುಗಾರನ ಉತ್ತರ ತಡವರಿಸುತ್ತದೆ. ಗದರಿಸಿದರೆ ಇಬ್ಬರೂ ತಡವರಿಸುತ್ತಾರೆ. ಆಗ ಭಯದ ತೊದಲು ಯಾವುದು, ಕಪಟದ ತೊದಲು ಯಾವುದು ಎಂದು ಕಂಡುಹಿಡಿಯುವುದು ಹೇಗೆ?

ಶಿಕ್ಷಕರಾದವರಿಗೆ ಇದು ಅನುಭವದ ಮಾತು. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕೊಠಡಿ ಮೇಲ್ವಿಚಾರಕನಾಗಿ ನಾನೂ ವರ್ಷಗಟ್ಟಲೆ ಬಾಗಿಲು ಕಾದವನೇ. ಹಾಲ್ ಟಿಕೆಟ್ ನೋಡಬೇಕು, ಕಂಪಾಸ್ ಡಬ್ಬಿ ತೆಗೆಸಬೇಕು, ಚೀಟಿ ಇದೆಯೇ ಎಂದು ಪರಿಶೀಲಿಸಬೇಕು. ಅದೇ ಹೊತ್ತಿಗೆ, ಒಂದು ವರ್ಷದ ಓದನ್ನು ಮೂರು ತಾಸಿನಲ್ಲಿ ಬರೆಯಬೇಕಾದ ಮಗುವಿನ ಎದೆ ನಡುಗದಂತೆಯೂ ನೋಡಿಕೊಳ್ಳಬೇಕು. ಕೂಗಾಡುವ ಮೇಲ್ವಿಚಾರಕನ ಕೊಠಡಿಯಲ್ಲಿ ನಕಲು ಕಡಿಮೆಯಾದದ್ದನ್ನು ನಾನು ಕಂಡಿಲ್ಲ, ಅಂಜಿದ ಮಕ್ಕಳು ಬಂದ ಉತ್ತರವನ್ನೂ ಮರೆತದ್ದನ್ನು ಕಂಡಿದ್ದೇನೆ. ಊರ ಪ್ರಮುಖರ ಮಗನ ಡಬ್ಬಿಯನ್ನೂ ಕೂಲಿಕಾರನ ಮಗನ ಡಬ್ಬಿಯನ್ನೂ ಒಂದೇ ರೀತಿ ತೆಗೆಸಿದರೆ, ಯಾರೂ ಮುನಿಸಿಕೊಳ್ಳುವುದಿಲ್ಲ. ಒಬ್ಬನದನ್ನು ಬಿಟ್ಟರೆ ಉಳಿದ ಎಲ್ಲರಿಗೂ ಅದು ಅವಮಾನವಾಗುತ್ತದೆ.

ಬಾಗಿಲಿನಾಚೆ ರಸ್ತೆಗಳ ಪ್ರಶ್ನೆಯೂ ಇದೆ. ದಂಡು ಪ್ರದೇಶಗಳಲ್ಲಿ ಭದ್ರತೆಯ ಕಾರಣಕ್ಕೆ ಮುಚ್ಚಿದ್ದ ರಸ್ತೆಗಳ ಬಗೆಗೆ ಸಿಕಂದರಾಬಾದಿನಂತಹ ನಗರಗಳ ನಿವಾಸಿಗಳು ವರ್ಷಗಟ್ಟಲೆ ದೂರಿದ ಮೇಲೆ, ನಿಯಮ ಪಾಲಿಸದೆ ಮುಚ್ಚಿದ್ದ ರಸ್ತೆಗಳನ್ನು ತೆರೆಯಬೇಕೆಂದು ರಕ್ಷಣಾ ಸಚಿವಾಲಯವು 2018ರ ಮೇ ತಿಂಗಳಲ್ಲಿ ಸೂಚಿಸಿತು. ಸೈನಿಕ ಕುಟುಂಬಗಳ ಸುರಕ್ಷತೆಗೆ ಧಕ್ಕೆಯೆಂದು ಇನ್ನೊಂದು ಕಡೆಯಿಂದ ಆಕ್ಷೇಪ ಬಂದಿತು. ಎರಡೂ ಕಡೆಯವರ ಆತಂಕ ನಿಜವಾದುದೇ. ರಸ್ತೆ ಮುಚ್ಚಲು ಕಾನೂನಿನಲ್ಲಿ ಕ್ರಮವಿದೆ. ಜನರಿಗೆ ತಿಳಿಸಿ, ಅವರ ಆಕ್ಷೇಪ ಕೇಳಿ, ಆಮೇಲೆ ಮುಚ್ಚಿದರೆ ಜನ ಒಪ್ಪುತ್ತಾರೆ. ಮುಂಜಾನೆ ಎದ್ದು ನೋಡಿದರೆ ಅಡ್ಡಗೋಡೆ ಎದ್ದಿದೆ ಎಂದಾದರೆ ಸೈನ್ಯದ ಮೇಲೆ ಪ್ರೀತಿಯಿದ್ದವರ ಮನಸ್ಸೂ ಮುರಿಯುತ್ತದೆ.

ಕಾವಲುಗಾರನ ಕಡೆಯಿಂದಲೂ ನೋಡಬೇಡವೇ? ಬಿಸಿಲಲ್ಲಿ, ಮಳೆಯಲ್ಲಿ, ತಾಸುಗಟ್ಟಲೆ ನಿಂತವನಿಗೆ ಸಾವಿರದ ಮುಖವೂ ಒಂದೇ ಆಗಿ ಕಾಣುವುದು ಸಹಜ. ಅವನೊಬ್ಬ ತಪ್ಪಿದರೆ ಎಷ್ಟು ಜೀವಗಳು ಹೋಗುತ್ತವೆ ಎಂಬ ಭಾರ ಅವನ ತಲೆಯ ಮೇಲಿದೆ. ಆದ್ದರಿಂದ ಸೌಜನ್ಯವನ್ನು ಅವನ ಒಳ್ಳೆಯತನಕ್ಕೆ ಮಾತ್ರ ಬಿಟ್ಟರೆ ಸಾಲದು, ವ್ಯವಸ್ಥೆಯೂ ಕೈಹಿಡಿಯಬೇಕು. ಕಾಯುವವರಿಗೆ ನೆರಳು, ನೀರು, ಕುಳಿತುಕೊಳ್ಳಲು ಬೆಂಚು ಬೇಕು. ಯಾವ ಕಾಗದ ಬೇಕು, ಯಾರನ್ನು ಕೇಳಬೇಕು ಎಂಬ ಫಲಕ ಹಿಂದಿ, ಇಂಗ್ಲಿಷಿನ ಜೊತೆ ಆ ಸೀಮೆಯ ಭಾಷೆಯಲ್ಲಿಯೂ ಇರಬೇಕು. ಪಾಳಿಗೆ ಒಬ್ಬನಾದರೂ ಸ್ಥಳೀಯ ಭಾಷೆಯ ಹತ್ತು ಮಾತು ಬಲ್ಲವನಿರಬೇಕು. 'ಕೂಡ್ರಿ', 'ಸ್ವಲ್ಪ ತಡ ಆಗತೈತಿ', 'ಚೀಟಿ ತೋರಿಸ್ರಿ' ಎಂಬ ಮೂರು ಮಾತು ಕಲಿಯಲು ಎಷ್ಟು ದಿನ ಬೇಕು? ಎಲ್ಲಕ್ಕಿಂತ ಮುಖ್ಯವಾಗಿ, ದೊಡ್ಡ ಅಧಿಕಾರಿಯ ಗಾಡಿಯನ್ನು ತಡೆದು ಗುರುತು ಕೇಳಿದ ಜವಾನನಿಗೆ ಮೇಲಿನವರಿಂದ ಬೆನ್ನುತಟ್ಟಿಕೆ ಸಿಗಬೇಕು. ಅಂಥವನಿಗೆ ಬೈಗುಳ ಸಿಕ್ಕ ದಿನವೇ ಆ ನೆಲೆಯ ಭದ್ರತೆ ಮುಗಿಯಿತು.

ಇನ್ನು ಹೊರಗೆ ನಿಲ್ಲುವ ನಮಗೂ ಧರ್ಮವಿದೆ. ಗುರುತಿನ ಚೀಟಿ ಇಲ್ಲದೆ ಹೋಗಿ 'ನಾನು ಯಾರು ಗೊತ್ತೇನು' ಎಂದು ಏರುದನಿ ಮಾಡುವುದು, ಶಾಸಕರ ಹೆಸರು ಹೇಳುವುದು, ಬೇಡವೆಂದ ಕಡೆ ಮೊಬೈಲಿನಲ್ಲಿ ಚಿತ್ರ ತೆಗೆಯುವುದು, ಸರತಿ ಮುರಿಯುವುದು ನಮ್ಮ ಜನರಲ್ಲಿ ಕಡಿಮೆಯಿಲ್ಲ. ಕಾವಲುಗಾರನಿಂದ ಬಹುವಚನ ನಿರೀಕ್ಷಿಸುವವರು ಅವನನ್ನೂ ಬಹುವಚನದಲ್ಲಿಯೇ ಮಾತನಾಡಿಸಬೇಕು. 'ನೀವು ನಿಮ್ಮ ಕೆಲಸ ಮಾಡ್ರಿ, ನಾವು ಕಾಯ್ತೀವಿ' ಎಂಬ ಒಂದು ಮಾತು ಅವನ ದಣಿವನ್ನು ಎಷ್ಟೋ ಇಳಿಸುತ್ತದೆ.

1971ರ ಯುದ್ಧದ ಕೊನೆಯಲ್ಲಿ ಸುಮಾರು 93,000 ಜನ ನಮ್ಮ ವಶಕ್ಕೆ ಬಂದರು. ಅವರನ್ನು 1949ರ ಜಿನೀವಾ ಒಪ್ಪಂದದಂತೆ ಮಾನವೀಯವಾಗಿ ನಡೆಸಿಕೊಳ್ಳುವ ಹೊಣೆ ನಮ್ಮ ಸೇನೆಯ ಮೇಲೆ ಬಿದ್ದಿತ್ತು. ಬಂದೂಕು ಕೆಳಗಿಟ್ಟ ವೈರಿಗೂ ಗೌರವ ಸಲ್ಲಬೇಕೆಂಬ ನಿಯಮವನ್ನು ಒಪ್ಪಿದ ದೇಶ ನಮ್ಮದು. ಹಾಗಿರುವಾಗ ಎಂದೂ ಬಂದೂಕು ಹಿಡಿಯದ, ಮಗನನ್ನೇ ಆ ಸೇನೆಗೆ ಕೊಟ್ಟ ತಾಯಿಗೆ ಎಷ್ಟು ಗೌರವ ಸಲ್ಲಬೇಕು?

ಆದ್ದರಿಂದ ಸಮವಸ್ತ್ರದಲ್ಲಿರುವ ನನ್ನ ಶಿಷ್ಯರಿಗೆ ಹೇಳುವುದಿಷ್ಟೇ: ಎಲ್ಲರನ್ನೂ ತಡೆಯಿರಿ, ಎಲ್ಲರನ್ನೂ ಪರಿಶೀಲಿಸಿರಿ, ಯಾರ ಹೆಸರಿಗೂ ಹೆದರಬೇಡಿರಿ. ಆದರೆ ಕಾರಣವನ್ನು ಹೇಳಿರಿ, ಕಾಯುವ ಹೊತ್ತನ್ನು ಹೇಳಿರಿ, ಬುತ್ತಿ ಬಿಚ್ಚುವ ಮೊದಲು ಕೈ ತೊಳೆಯಿರಿ. ಸೈನ್ಯ ಸೇರಬಯಸುವ ಮಕ್ಕಳಿರುವ ಮನೆಗಳಲ್ಲಿ ಈ ಮಾತನ್ನು ಒಮ್ಮೆ ಓದಿ ಹೇಳಿದರೆ ನನ್ನ ಶ್ರಮ ಸಾರ್ಥಕ. ನಿಮ್ಮ ಅನುಭವಗಳೇನು, ನನ್ನ ಅಭಿಪ್ರಾಯಕ್ಕೆ ನಿಮ್ಮ ಆಕ್ಷೇಪವೇನು ಎಂಬುದನ್ನು ತಪ್ಪದೆ ಬರೆದು ತಿಳಿಸಿರಿ.

ಎಲ್ಲರಿಗೂ ಒಳಿತಾಗಲಿ.